ಆ್ಯಂಟಿವೈರಸ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ: ಫಾರ್ಮ್ಯಾಟ್ ಮಾಡಿಸುವ ಮುನ್ನ ನೋಡಬೇಕಾದದ್ದು

ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಿಂದ ಹಿಡಿದು ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತರ ಮೇಜಿನವರೆಗೆ, ಕಂಪ್ಯೂಟರ್ ಕೆಟ್ಟಿತೆಂದು ಫೋನ್ ಮಾಡುವವರು ಮೊದಲು ಹೇಳುವ ಮಾತು ಒಂದೇ: "ನಾನೇನೂ ಮುಟ್ಟಿಲ್ಲ ಸಾರ್, ಅದಾಗದೇ ಹಿಂಗಾಯ್ತು." ಈ ಮಾತಿಗೆ ನಗುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು, ಏಕೆಂದರೆ ಎಷ್ಟೋ ಸಲ ಅದು ಅಕ್ಷರಶಃ ನಿಜವಾಗಿರುತ್ತದೆ. ಆ್ಯಂಟಿವೈರಸ್ ತಂತ್ರಾಂಶವು ಯಾರ ಅಪ್ಪಣೆಗೂ ಕಾಯದೆ, ದಿನಕ್ಕೆ ಹಲವು ಬಾರಿ ಬೇಕಾದರೂ, ತೆರೆಯ ಹಿಂದೆ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತಿರುತ್ತದೆ. ನಿನ್ನೆ ಸಂಜೆ ಸರಿಯಾಗಿದ್ದ ಯಂತ್ರ ಇಂದು ಬೆಳಗ್ಗೆ ಆಮೆಯಾಗಿದ್ದರೆ, ಲೆಕ್ಕ ಬರೆಯುವ ಟ್ಯಾಲಿ ತೆರೆಯದಿದ್ದರೆ, ಆಧಾರ್‌ಗೆ ಬೆರಳ ಗುರುತು ಓದುವ ಯಂತ್ರ ಸಿಗುತ್ತಿಲ್ಲವೆಂದರೆ, ಅಥವಾ ನೀಲಿ ತೆರೆ ಬಂದು ನಿಂತಿದ್ದರೆ, ಮುಟ್ಟಿದವರು ನೀವಲ್ಲದೆ ಇರಬಹುದು.

ನನ್ನ ತಕರಾರಿರುವುದು ಆಮೇಲೆ ನಡೆಯುವುದರ ಬಗ್ಗೆ. ನಮ್ಮ ಕಡೆ ಕಂಪ್ಯೂಟರಿನ ಯಾವ ಕಾಯಿಲೆಗೂ "ಫಾರ್ಮ್ಯಾಟ್ ಹೊಡೆಸಿಬಿಡಿ" ಎಂಬ ಒಂದೇ ಔಷಧಿ ಎಂಬಂತಾಗಿದೆ, ಅಂದರೆ ಸಿ ಡ್ರೈವನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ನನಗೆ ಪರಿಚಯದ ಮಂಡಿಯೊಂದರಲ್ಲಿ ಹೀಗೆ ಫಾರ್ಮ್ಯಾಟ್ ಮಾಡಿಸಿದ ಮೇಲೆ, ಎರಡು ವರ್ಷದ ಲೆಕ್ಕ ಡಿ ಡ್ರೈವಿನಲ್ಲಿಲ್ಲ, ಅಳಿಸಿಹೋದ ಸಿ ಡ್ರೈವಿನಲ್ಲಿತ್ತು ಎಂಬುದು ತಿಳಿಯಿತು. ಅಲ್ಲಿ ನಿಜವಾಗಿ ಆಗಿದ್ದೇನೆಂದರೆ, ಆ್ಯಂಟಿವೈರಸ್ ಒಂದು ಕಡತವನ್ನು ತಪ್ಪಾಗಿ ಎತ್ತಿಟ್ಟಿತ್ತು. ನಾಲ್ಕು ಕ್ಲಿಕ್ಕಿನಲ್ಲಿ ಅದನ್ನು ಮರಳಿ ತರಬಹುದಾಗಿತ್ತು. ಫಾರ್ಮ್ಯಾಟ್‌ಗೆ ಹೋಗುವ ಮೊದಲು ಯಾವ ಕ್ರಮದಲ್ಲಿ ಏನನ್ನು ನೋಡಬೇಕೆಂಬುದನ್ನು ಇಲ್ಲಿ ಹೇಳಿದ್ದೇನೆ. ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಹಳೆಯ ವಿಂಡೋಸ್ 7ರ ವಿಷಯ ಕೊನೆಯ ಹತ್ತಿರ ಬರುತ್ತದೆ.

ಅಪ್‌ಡೇಟ್ ಎಂದರೆ ಬದಲಾಗುವುದೇನು

ಎಪಿಎಂಸಿ ಪ್ರಾಂಗಣದ ಗೇಟಿನಲ್ಲಿ ಒಳಹೋಗುವ, ಹೊರಬರುವ ಪ್ರತಿ ಮೂಟೆಯನ್ನೂ ತಡೆದು ನೋಡುವ ಕಾವಲುಗಾರನಿದ್ದಾನೆ ಎಂದುಕೊಳ್ಳಿ. ಆ್ಯಂಟಿವೈರಸ್ ಕೂತಿರುವುದು ಅಂಥ ಜಾಗದಲ್ಲೇ. ನೀವು ಯಾವ ಕಡತ ತೆರೆದರೂ, ಯಾವ ಜಾಲತಾಣಕ್ಕೆ ಹೋದರೂ ಅದು ಮೊದಲು ಈ ಕಾವಲುಗಾರನ ಕಣ್ಣು ದಾಟಬೇಕು. ಅವನಿಗೆ ಎರಡು ಬಗೆಯ ಅಪ್‌ಡೇಟ್ ಬರುತ್ತದೆ. ಒಂದು, ಕಳ್ಳರ ಹೊಸ ಚಹರೆಪಟ್ಟಿ; ಇದನ್ನು ಡೆಫಿನಿಷನ್ ಅಥವಾ ಸಿಗ್ನೇಚರ್ ಎನ್ನುತ್ತಾರೆ, ಇದು ದಿನದಿನವೂ ಬರುತ್ತದೆ. ಇನ್ನೊಂದು, ಕಾವಲುಗಾರನನ್ನೇ ಬದಲಾಯಿಸುವ ಅಪ್‌ಡೇಟ್; ಇದರಲ್ಲಿ ತಂತ್ರಾಂಶದ ಆವೃತ್ತಿ, ಕಳ್ಳರನ್ನು ಗುರುತಿಸುವ ಅದರ ಎಂಜಿನ್, ವಿಂಡೋಸ್‌ನ ಆಳದಲ್ಲಿ ಕೆಲಸ ಮಾಡುವ ಅದರ ಡ್ರೈವರ್‌ಗಳು ಬದಲಾಗುತ್ತವೆ, ಮತ್ತು ಇದು ಅಪರೂಪಕ್ಕೆ ಬರುತ್ತದೆ.

ಈ ವ್ಯತ್ಯಾಸ ತಿಳಿದಿದ್ದರೆ ರೋಗ ಪತ್ತೆ ಅರ್ಧ ಮುಗಿದಂತೆ. ಚಹರೆಪಟ್ಟಿ ತಪ್ಪಿದ್ದರೆ ಸಾಮಾನ್ಯವಾಗಿ ಒಂದೆರಡು ತಂತ್ರಾಂಶಗಳು ಮಾತ್ರ ತೆರೆಯುವುದಿಲ್ಲ, ಅಥವಾ ಒಂದು ಕಡತ ಮಾಯವಾಗುತ್ತದೆ. ಡ್ರೈವರ್ ತಪ್ಪಿದ್ದರೆ ಇಡೀ ಯಂತ್ರ ನಿಧಾನವಾಗುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ, ಇಲ್ಲವೇ ವಿಂಡೋಸ್ ಏಳುವುದೇ ಇಲ್ಲ. ಇದು ಸಾಮಾನ್ಯ ನಿಯಮ ಮಾತ್ರ. ಸಣ್ಣ ದತ್ತಾಂಶ ಕಡತವೂ ದೊಡ್ಡ ಅನಾಹುತ ಮಾಡಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಹೋದ ಒಂದು ದೋಷಪೂರಿತ ಕಡತದಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅದಕ್ಕೂ ಮೊದಲು, 2010ರ ಏಪ್ರಿಲ್ 21ರಂದು, ಮ್ಯಾಕಫಿಯ ಒಂದು ಚಹರೆಪಟ್ಟಿಯು ವಿಂಡೋಸ್ ಎಕ್ಸ್‌ಪಿಯ ಜೀವಾಳವೇ ಆಗಿದ್ದ ಎಸ್‌ವಿಸಿಹೋಸ್ಟ್ ಎಂಬ ಕಡತವನ್ನು ವೈರಸ್ ಎಂದು ಹಿಡಿದು, ಯಂತ್ರಗಳು ಮತ್ತೆ ಮತ್ತೆ ಆರಿ ಹೊತ್ತುವಂತೆ ಮಾಡಿತ್ತು. ದೊಡ್ಡ ಕಂಪನಿಗಳಿಗೇ ಹೀಗಾಗುವಾಗ ನಿಮ್ಮ ಅಂಗಡಿಯ ಯಂತ್ರಕ್ಕೆ ಆದದ್ದು ನಿಮ್ಮ ತಪ್ಪೆಂದು ಕೊರಗಬೇಕಾಗಿಲ್ಲ.

ಮೊದಲು ಕಾಗದ, ಪೆನ್ನು, ಫೋನಿನ ಕ್ಯಾಮೆರಾ

ತೆರೆಯ ಮೇಲೆ ಬಂದ ಸಂದೇಶವನ್ನು ಓಕೆ ಒತ್ತಿ ಕಳುಹಿಸಿಬಿಡುವ ಮುನ್ನ ಫೋನಿನಲ್ಲಿ ಅದರ ಫೋಟೋ ತೆಗೆಯಿರಿ. ತೊಂದರೆ ಶುರುವಾದ ದಿನ, ಹೊತ್ತು ಬರೆದುಕೊಳ್ಳಿ. ಆ ಬಳಿಕ ಆ್ಯಂಟಿವೈರಸ್ ತೆರೆದು, ಅದು ಕೊನೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ ಎಂದು ನೋಡಿ. ಅಬೌಟ್ ಅಥವಾ ಅಪ್‌ಡೇಟ್ ಎಂಬ ಪುಟದಲ್ಲಿ ಅದು ಸಿಗುತ್ತದೆ.

ಎರಡೂ ಹೊತ್ತು ಹೊಂದಿದ ಮಾತ್ರಕ್ಕೆ ಆ್ಯಂಟಿವೈರಸ್ಸೇ ಅಪರಾಧಿ ಎಂದು ತೀರ್ಮಾನಿಸಬೇಡಿ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ. ನಮಗೆ ಅದು ಹೆಚ್ಚಾಗಿ ಮರುದಿನ ತಲುಪುತ್ತದೆ. ಆ ವಾರ ಬಂದ ದೂರುಗಳಲ್ಲಿ ಎಷ್ಟೋ ವಿಂಡೋಸ್‌ನವು, ಬೈಗುಳ ಮಾತ್ರ ಆ್ಯಂಟಿವೈರಸ್ಸಿಗೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆದರೆ ಇದು ತಿಳಿಯುತ್ತದೆ. ಇದಕ್ಕಿಂತಲೂ ಉಪಯುಕ್ತವಾದದ್ದು, ಹೆಚ್ಚಿನವರು ತೆರೆದೇ ನೋಡದ ರಿಲಯಬಿಲಿಟಿ ಹಿಸ್ಟರಿ. ಸ್ಟಾರ್ಟ್ ಗುಂಡಿ ಒತ್ತಿ ಆ ಹೆಸರಿನ ಮೊದಲ ಪದವನ್ನು ಟೈಪಿಸಿದರೆ ಅದು ಕಾಣಿಸುತ್ತದೆ. ಯಾವ ದಿನ ಏನು ಸ್ಥಾಪನೆಯಾಯಿತು, ಯಾವ ತಂತ್ರಾಂಶ ಕುಸಿಯಿತು ಎಂಬುದನ್ನು ಅದು ಪಂಚಾಂಗದಂತೆ ದಿನವಾರು ಜೋಡಿಸಿ ತೋರಿಸುತ್ತದೆ. ಕೆಂಪು ಗುರುತು ಮೊದಲು ಬಿದ್ದ ದಿನವೇ ನಿಮ್ಮ ಹುಡುಕಾಟದ ಆರಂಭ.

ಶಟ್ ಡೌನ್ ಅಲ್ಲ, ರೀಸ್ಟಾರ್ಟ್

"ಆಫ್ ಮಾಡಿ ಆನ್ ಮಾಡಿದ್ದೀನಿ ಸಾರ್" ಎನ್ನುವವರಿಗೆ ನಾನು ರೀಸ್ಟಾರ್ಟ್ ಮಾಡಿದಿರಾ ಎಂದು ಮತ್ತೊಮ್ಮೆ ಕೇಳುತ್ತೇನೆ. ಇದು ಹಟವಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದರೆ, ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿಯು ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೆಯೇ ಎದ್ದು ಬರುತ್ತದೆ. ಆದ್ದರಿಂದ ಅರ್ಧ ಬದಲಾದ ಆ್ಯಂಟಿವೈರಸ್ ಡ್ರೈವರ್ ಹತ್ತು ಬಾರಿ ಶಟ್ ಡೌನ್ ಮಾಡಿದರೂ ಅರ್ಧವಾಗಿಯೇ ಉಳಿಯಬಹುದು. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಏಳುತ್ತದೆ. ಅನುಮಾನವಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದ ಸಿಪಿಯು ಭಾಗದಲ್ಲಿ ಅಪ್ ಟೈಮ್ ನೋಡಿ. ದಿನಾ ರಾತ್ರಿ ಆರಿಸುವ ಯಂತ್ರ ಅಲ್ಲಿ ಹನ್ನೆರಡು ದಿನದಿಂದ ಎಚ್ಚರವಾಗಿದೆ ಎಂದು ತೋರಿಸುತ್ತಿದ್ದರೆ ಆಶ್ಚರ್ಯಪಡಬೇಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋಗಿ, ಬ್ಯಾಟರಿ ಸತ್ತ ಯುಪಿಎಸ್ ಕೂಡ ಕೈಬಿಟ್ಟಿದ್ದರೆ, ಒಮ್ಮೆ ರೀಸ್ಟಾರ್ಟ್ ಮಾಡಿ, ಆ್ಯಂಟಿವೈರಸ್‌ನಲ್ಲೇ ಅಪ್‌ಡೇಟ್ ಗುಂಡಿಯನ್ನು ಮತ್ತೆ ಒತ್ತಿ, ಪೂರ್ತಿಯಾಗಲು ಬಿಟ್ಟು, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ತಪ್ಪು ಚಹರೆಪಟ್ಟಿ ಬಿಡುಗಡೆಯಾಗಿದ್ದರೂ ಕಂಪನಿಗಳು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ತಿದ್ದಿದ ಪಟ್ಟಿಯನ್ನು ಕಳುಹಿಸುತ್ತವೆ. ಹಾಗಾಗಿ ಅಪ್‌ಡೇಟ್‌ನಿಂದ ಬಂದ ಕಾಯಿಲೆಗೆ ಮುಂದಿನ ಅಪ್‌ಡೇಟೇ ಮದ್ದಾಗುವುದುಂಟು.

ಯಂತ್ರ ನಿಧಾನವಾಗಿದ್ದರೆ

ಅಪ್‌ಡೇಟ್ ಆದ ಮೊದಲ ಒಂದೆರಡು ಗಂಟೆ ಯಂತ್ರ ಏದುಸಿರು ಬಿಟ್ಟರೆ ಅದು ರೋಗವಲ್ಲ. ಹಿಂದೆ ನೋಡಿ ಸರಿಯೆಂದು ಗುರುತು ಹಾಕಿದ್ದ ಕಡತಗಳನ್ನು ಹೊಸ ಎಂಜಿನ್ ಮತ್ತೆ ನೋಡಬೇಕಾಗಬಹುದು. ನಾಲ್ಕು ಜಿಬಿ ರ‍್ಯಾಮ್ ಮತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಈ ಕೆಲಸ ಕಣ್ಣಿಗೆ ರಾಚುತ್ತದೆ. ಎಸ್‌ಎಸ್‌ಡಿ ಇದ್ದರೆ ಗೊತ್ತೇ ಆಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇ 100 ಎಂದು ತೋರಿಸುತ್ತಿದ್ದು, ಪಟ್ಟಿಯ ಮೇಲ್ಗಡೆ ಆ್ಯಂಟಿವೈರಸ್‌ನ ಹೆಸರಿದ್ದರೆ ಊಟದ ಹೊತ್ತಿನವರೆಗೆ ಬಿಟ್ಟುಬಿಡಿ. ಮರುದಿನವೂ ಹಾಗೇ ಇದ್ದರೆ ಮಾತ್ರ ಮುಂದಿನ ಪ್ರಶ್ನೆ: ಒಂದೇ ಮನೆಗೆ ಇಬ್ಬರು ಕಾವಲುಗಾರರಿದ್ದಾರೆಯೇ?

ಇದು ನಾನು ಅತಿ ಹೆಚ್ಚು ನೋಡುವ ಕಾರಣ. ಹಳೆಯ ಆ್ಯಂಟಿವೈರಸ್‌ನ ಅವಧಿ ಮುಗಿದಿರುತ್ತದೆ, ಅದನ್ನು ತೆಗೆಯದೆ ಹೊಸದನ್ನು ಹಾಕಿರುತ್ತಾರೆ. ಅಥವಾ ಲ್ಯಾಪ್‌ಟಾಪ್ ಜೊತೆ ಬಂದ ಉಚಿತ ಪ್ರತಿ ಮೂಲೆಯಲ್ಲಿ ಮಲಗಿರುತ್ತದೆ. ಒಂದು ಕಡತವನ್ನು ಮೊದಲನೆಯದು ಹಿಡಿದರೆ ಎರಡನೆಯದು ಎಳೆಯುತ್ತದೆ, ಕೊನೆಗೆ ಆ ಕಡತ ಯಾರಿಗೂ ತೆರೆಯುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮಾತ್ರ ಇದಕ್ಕೆ ಹೊರತು: ಬೇರೊಂದು ಆ್ಯಂಟಿವೈರಸ್ ಬಂದು ನೋಂದಾಯಿಸಿಕೊಂಡರೆ ಅದು ತಾನಾಗಿ ಹಿಂದೆ ಸರಿಯುತ್ತದೆ, ಆ ಇನ್ನೊಂದನ್ನು ತೆಗೆದರೆ ಮತ್ತೆ ಮುಂದೆ ಬರುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ಎರಡಿದ್ದರೆ ಒಂದನ್ನು ತೆಗೆಯಿರಿ.

ತಂತ್ರಾಂಶ ತೆರೆಯುತ್ತಿಲ್ಲ, ಕಡತ ಮಾಯವಾಗಿದೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಜನ ಹೆಚ್ಚು ನಷ್ಟ ಮಾಡಿಕೊಳ್ಳುವುದು ಈ ಹಂತದಲ್ಲಿ. ಆ್ಯಂಟಿವೈರಸ್ ಅನುಮಾನದ ಕಡತವನ್ನು ಸಾಮಾನ್ಯವಾಗಿ ಕೂಡಲೇ ಅಳಿಸುವುದಿಲ್ಲ; ಕ್ವಾರಂಟೈನ್ ಎಂಬ ಬಂದೀಖಾನೆಗೆ ಹಾಕುತ್ತದೆ. ಡಿಫೆಂಡರ್ ಆದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗಿನ ಪ್ರೊಟೆಕ್ಷನ್ ಹಿಸ್ಟರಿ ನೋಡಿ. ಬೇರೆ ಕಂಪನಿಯದಾದರೆ ಕ್ವಾರಂಟೈನ್, ವಾಲ್ಟ್ ಅಥವಾ ರಿಪೋರ್ಟ್ಸ್ ಎಂಬ ಹೆಸರು ಹುಡುಕಿ. ನಿಮ್ಮ ಕಡತ ಅಲ್ಲಿದ್ದರೆ ಅದರ ಪೂರ್ತಿ ವಿಳಾಸ ಮತ್ತು ಅದಕ್ಕೆ ಕೊಟ್ಟಿರುವ ವೈರಸ್ ಹೆಸರನ್ನು ಬರೆದುಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ತೊಡಕಿದೆ. ನುಡಿ, ಬರಹದಂಥ ತಂತ್ರಾಂಶಗಳು ಕೀಲಿಮಣೆಯ ಪ್ರತಿ ಒತ್ತನ್ನೂ ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡುತ್ತವೆ. ಗುಪ್ತಪದ ಕದಿಯುವ ಕೀಲಾಗರ್ ಎಂಬ ಕಳ್ಳ ತಂತ್ರಾಂಶವೂ ಕೀಲಿಗಳನ್ನು ಹಿಡಿಯುವುದು ಹೀಗೆಯೇ. ನಡತೆಯನ್ನು ನೋಡಿ ಕಳ್ಳರನ್ನು ಗುರುತಿಸುವ ಎಂಜಿನ್ ಸ್ವಲ್ಪ ಬಿಗಿಯಾದರೆ, ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪ್ ಮಾಡುವ ಅಂಗಡಿಯಲ್ಲಿ ಬೆಳಗ್ಗೆ ಕನ್ನಡ ಅಕ್ಷರವೇ ಮೂಡದೆ ಹೋಗಬಹುದು. ಇಂಥ ಹೊತ್ತಿನಲ್ಲಿ ಅಂಗಡಿಯವರು ಯಾವುದೋ ಪೆನ್ ಡ್ರೈವಿನಿಂದ ಇನ್ನೊಂದು ನುಡಿಯನ್ನು ತಂದು ಹಾಕುತ್ತಾರೆ. ನಿಜವಾದ ವೈರಸ್ ಒಳಬರುವುದು ಆಗ.

ಹಾಗಾದರೆ ಬಂಧಿತ ಕಡತ ನಿರಪರಾಧಿ ಎಂದು ತಿಳಿಯುವುದು ಹೇಗೆ? ಆ ತಂತ್ರಾಂಶವನ್ನು ನೀವು ತಂದದ್ದು ಅದರ ತಯಾರಕರ ಸ್ವಂತ ಜಾಲತಾಣದಿಂದಲೇ, ತಿಂಗಳುಗಳಿಂದ ಅದೇ ಕಡತ ಅದೇ ಜಾಗದಲ್ಲಿತ್ತೇ, ಅಪ್‌ಡೇಟ್ ಆದ ದಿನವೇ ಹಿಡಿಯಲ್ಪಟ್ಟಿತೇ ಎಂದು ನೋಡಿ. ಮೂರಕ್ಕೂ ಹೌದು ಎಂದಾದರೆ ತಪ್ಪು ಬಂಧನದ ಸಾಧ್ಯತೆ ಹೆಚ್ಚು. ಇನ್ನಷ್ಟು ಖಚಿತಪಡಿಸಿಕೊಳ್ಳಲು, ಅದೇ ತಂತ್ರಾಂಶವನ್ನು ತಯಾರಕರ ತಾಣದಿಂದ ಮತ್ತೆ ಇಳಿಸಿಕೊಂಡು ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣಕ್ಕೆ ಏರಿಸಬಹುದು. ಅದು ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ಕೊಡುತ್ತದೆ. ಒಂದೆರಡು ಎಂಜಿನ್ ಮಾತ್ರ ತಕರಾರು ಎತ್ತಿದರೆ ಒಂದು ಅರ್ಥ, ಮೂವತ್ತು ಎತ್ತಿದರೆ ಇನ್ನೊಂದು ಅರ್ಥ. ಆದರೆ ಗ್ರಾಹಕರ ಆಧಾರ್ ಪ್ರತಿ, ಕ್ರಯಪತ್ರ, ಲೆಕ್ಕದ ಕಡತಗಳನ್ನು ಅಲ್ಲಿಗೆ ಎಂದಿಗೂ ಏರಿಸಬೇಡಿ. ಏರಿಸಿದ ಕಡತಗಳು ಭದ್ರತಾ ಸಂಶೋಧಕರ ಕೈಗೂ ಸಿಗುತ್ತವೆ.

ನಿರಪರಾಧಿ ಎಂದು ತೀರ್ಮಾನವಾದ ಮೇಲೆ ರಿಸ್ಟೋರ್ ಒತ್ತಿ, ಆ ಕಡತಕ್ಕೆ ಅಥವಾ ಆ ಒಂದೇ ಫೋಲ್ಡರ್‌ಗೆ ಎಕ್ಸ್‌ಕ್ಲೂಷನ್ ಕೊಡಿ, ಅಂದರೆ ಇದನ್ನು ತಡೆಯಬೇಡ ಎಂದು ಕಾವಲುಗಾರನಿಗೆ ಚೀಟಿ ಬರೆದುಕೊಡಿ. ಟ್ಯಾಲಿಪ್ರೈಮ್ ಬಳಸುವವರಿಗೆ ಅದರ ದತ್ತಾಂಶ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಎಂಬ ಹಾದಿಯಲ್ಲಿರುತ್ತದೆ. ಈ ಚೀಟಿ ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು. ಇಡೀ ಸಿ ಡ್ರೈವ್, ಡೌನ್‌ಲೋಡ್ಸ್ ಫೋಲ್ಡರ್, ಪೆನ್ ಡ್ರೈವ್ ಇವುಗಳಿಗೆ ಎಕ್ಸ್‌ಕ್ಲೂಷನ್ ಕೊಟ್ಟಿರುವ ಯಂತ್ರಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಆ್ಯಂಟಿವೈರಸ್ ಇದ್ದೂ ಇಲ್ಲದಂತೆ. ತಪ್ಪು ಬಂಧನದ ಬಗ್ಗೆ ಕಂಪನಿಗೆ ಫಾಲ್ಸ್ ಪಾಸಿಟಿವ್ ವರದಿ ಕಳುಹಿಸಲು ಹೆಚ್ಚಿನ ಆ್ಯಂಟಿವೈರಸ್ ತಾಣಗಳಲ್ಲಿ ಅರ್ಜಿ ನಮೂನೆ ಇರುತ್ತದೆ. ಅವರು ಚಹರೆಪಟ್ಟಿ ತಿದ್ದಿದ ಮೇಲೆ ನಿಮ್ಮ ಚೀಟಿಯನ್ನು ಹಿಂಪಡೆಯಿರಿ.

ಇಂಟರ್‌ನೆಟ್, ಪ್ರಿಂಟರ್, ಬೆರಳ ಗುರುತಿನ ಯಂತ್ರ

ಎಲ್ಲ ಜಾಲತಾಣಗಳೂ ಸರ್ಟಿಫಿಕೇಟ್ (ತಾಣದ ಗುರುತಿನ ಚೀಟಿ) ತಪ್ಪೆಂದು ಹೇಳುತ್ತಿದ್ದರೆ ಆ್ಯಂಟಿವೈರಸ್ ಮುಟ್ಟುವ ಮೊದಲು ತೆರೆಯ ಮೂಲೆಯ ದಿನಾಂಕ ನೋಡಿ. ಮದರ್‌ಬೋರ್ಡಿನ ಸಿಆರ್2032 ಎಂಬ ಗುಂಡು ಬ್ಯಾಟರಿ ಮುಗಿದ ಯಂತ್ರ, ರಾತ್ರಿ ಮೇನ್ ಸ್ವಿಚ್ ಆರಿಸಿದರೆ ಬೆಳಗ್ಗೆ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಆಗ ಯಾವ ಸರ್ಟಿಫಿಕೇಟೂ ಹೊಂದುವುದಿಲ್ಲ. ಚಿಲ್ಲರೆ ಖರ್ಚಿನಲ್ಲಿ ಮುಗಿಯುವ ಕೆಲಸ.

ದಿನಾಂಕ ಸರಿಯಿದ್ದು, ಒಂದು ಬ್ರೌಸರ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಕಾರಣ ಹೆಚ್ಚಾಗಿ ಆ್ಯಂಟಿವೈರಸ್‌ನ ವೆಬ್ ತಪಾಸಣೆ. ಬೀಗ ಹಾಕಿದ ಜಾಲ ಸಂಪರ್ಕದೊಳಗೆ ಇಣುಕಿ ನೋಡಲು ಅದು ತನ್ನದೇ ಸರ್ಟಿಫಿಕೇಟನ್ನು ನಡುವೆ ಇಡುತ್ತದೆ. ಅಪ್‌ಡೇಟ್‌ನಲ್ಲಿ ಆ ಸರ್ಟಿಫಿಕೇಟ್ ಬದಲಾಗಿ, ಬ್ರೌಸರ್ ಅದನ್ನು ಗುರುತಿಸದೆ ಹೋದರೆ ಬಾಗಿಲು ಮುಚ್ಚುತ್ತದೆ. ಫೈರ್‌ಫಾಕ್ಸ್ ನಂಬಿಕಸ್ತ ಸರ್ಟಿಫಿಕೇಟ್‌ಗಳ ತನ್ನದೇ ಪಟ್ಟಿ ಇಟ್ಟುಕೊಳ್ಳುವುದರಿಂದ ಅಲ್ಲಿ ಇದು ಹೆಚ್ಚು. ವೆಬ್ ತಪಾಸಣೆಯನ್ನು ಆರಿಸಿ, ಬ್ರೌಸರ್ ಮುಚ್ಚಿ ತೆರೆದು, ಮತ್ತೆ ಅದನ್ನು ಹೊತ್ತಿಸಿದರೆ ಹಲವು ಸಲ ಹೊಸ ಸರ್ಟಿಫಿಕೇಟ್ ಸರಿಯಾಗಿ ಕೂರುತ್ತದೆ.

ಇಂಟರ್‌ನೆಟ್ ಇದೆ, ಆದರೆ ಪಕ್ಕದ ಯಂತ್ರದ ಪ್ರಿಂಟರ್ ಸಿಗುತ್ತಿಲ್ಲ, ಮಂಡಿಯ ಎರಡನೆಯ ಯಂತ್ರದಲ್ಲಿ ಟ್ಯಾಲಿ ಕಂಪನಿ ಕಾಣುತ್ತಿಲ್ಲ ಎಂದರೆ ನೆಟ್‌ವರ್ಕಿನ ಹೋಗುಬರುವಿಗೆ ಕಾವಲಿರುವ ಫೈರ್‌ವಾಲ್ ನೋಡಬೇಕು. ಅಪ್‌ಡೇಟ್ ಬಳಿಕ ಅದು ನಿಮ್ಮ ಅಂಗಡಿಯ ನೆಟ್‌ವರ್ಕನ್ನು ಬಸ್ ನಿಲ್ದಾಣದ ವೈಫೈಯಂತೆ ಪಬ್ಲಿಕ್ ಎಂದು ತಿಳಿದು ಹಂಚಿಕೆಯನ್ನೆಲ್ಲ ಮುಚ್ಚಿರಬಹುದು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೂ ಆ್ಯಂಟಿವೈರಸ್‌ನ ಫೈರ್‌ವಾಲ್‌ನಲ್ಲೂ ಅದನ್ನು ಪ್ರೈವೇಟ್ ಎಂದು ಬದಲಿಸಿ.

ಗ್ರಾಮ ಒನ್‌ನಂಥ ಸೇವಾ ಕೇಂದ್ರಗಳಲ್ಲಿ ಆಧಾರ್‌ಗೆ ಬೆರಳ ಗುರುತು ಓದುವ ಯಂತ್ರದ ದೀಪ ಉರಿಯುತ್ತಿದ್ದರೂ ಜಾಲತಾಣ ಅದನ್ನು ಕಾಣದೆ ಇರುವುದಕ್ಕೂ ಕಾರಣ ಇಲ್ಲೇ ಇರಬಹುದು. ಈ ಯಂತ್ರ ಮತ್ತು ಬ್ರೌಸರ್ ನಡುವೆ ಆರ್‌ಡಿ ಸರ್ವೀಸ್ ಎಂಬ ಪುಟ್ಟ ತಂತ್ರಾಂಶವಿದೆ, ಅದು ಅದೇ ಕಂಪ್ಯೂಟರಿನೊಳಗೆ 11100ರಿಂದ 11120ರವರೆಗಿನ ಸಂಖ್ಯೆಯ ಬಾಗಿಲುಗಳಲ್ಲಿ, ಅಂದರೆ ಪೋರ್ಟ್‌ಗಳಲ್ಲಿ ಮಾತನಾಡುತ್ತದೆ. ಹೊಸ ಫೈರ್‌ವಾಲ್ ನಿಯಮ ಈ ಮಾತುಕತೆಯನ್ನು ತಡೆದರೆ ಎಷ್ಟು ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ. ಆರ್‌ಡಿ ಸರ್ವೀಸ್ ಚಾಲನೆಯಲ್ಲಿದೆಯೇ ಎಂದು ವಿಂಡೋಸ್‌ನ ಸರ್ವೀಸಸ್ ಪಟ್ಟಿಯಲ್ಲಿ ನೋಡಿ, ಫೈರ್‌ವಾಲ್‌ನಲ್ಲಿ ಆ ತಂತ್ರಾಂಶಕ್ಕೆ ಅನುಮತಿ ಕೊಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ಇದೇ ಮಾತು: ಟೋಕನ್‌ನ ತಂತ್ರಾಂಶ ಬಂದೀಖಾನೆಯಲ್ಲಿದೆಯೇ ಎಂದು ಮೊದಲು ನೋಡಿ.

ಯಾವ ಭಾಗ ತಡೆಯುತ್ತಿದೆ ಎಂದು ತಿಳಿಯದಿದ್ದರೆ ಒಂದೊಂದಾಗಿ ಆರಿಸಿ ನೋಡುವುದೇ ದಾರಿ. ವೆಬ್, ಮೇಲ್, ಫೈರ್‌ವಾಲ್, ನಡತೆಯ ತಪಾಸಣೆ ಹೀಗೆ ಒಂದನ್ನು ಹತ್ತು ನಿಮಿಷಕ್ಕೆ ಮಾತ್ರ ನಿಲ್ಲಿಸಿ, ಪರೀಕ್ಷಿಸಿ, ಹೊತ್ತಿಸಿ, ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಆರಿಸಿದರೆ ತೊಂದರೆ ಹೋಗಬಹುದು, ಕಾರಣ ತಿಳಿಯುವುದಿಲ್ಲ. ಇನ್ನೊಂದು ಮಾತು: ಆರಿಸಿದರೂ ಆ್ಯಂಟಿವೈರಸ್‌ನ ಡ್ರೈವರ್ ಒಳಗೇ ಇರುತ್ತದೆ. ಆದ್ದರಿಂದ ಆರಿಸಿದ ಮೇಲೂ ತೊಂದರೆ ಉಳಿದರೆ ಅದು ನಿರಪರಾಧಿ ಎಂದು ಹೇಳಲಾಗದು.

ವಿಂಡೋಸ್ ಏಳುತ್ತಲೇ ಇಲ್ಲ

ನೀಲಿ ತೆರೆಯ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಕಪ್ಪು) ಕೆಳಭಾಗದಲ್ಲಿ ಸ್ಟಾಪ್ ಕೋಡ್ ಇರುತ್ತದೆ. ಕೆಲವೊಮ್ಮೆ ಅದರ ಜೊತೆ ಕೆಟ್ಟ ಡ್ರೈವರ್ ಕಡತದ ಹೆಸರೂ ಇರುತ್ತದೆ. ಫೋಟೋ ತೆಗೆದುಕೊಳ್ಳಿ. ಆ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಅದು ಯಾವ ಕಂಪನಿಯದೆಂದು ತಿಳಿಯುತ್ತದೆ.

ಈಗ ಸೇಫ್ ಮೋಡ್‌ಗೆ ಹೋಗಬೇಕು. ಲಾಗಿನ್ ತೆರೆ ಬರುತ್ತಿದ್ದರೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಆಯ್ಕೆ ಮಾಡಿ. ಅದೂ ಬರದಿದ್ದರೆ, ವಿಂಡೋಸ್ ಏಳತೊಡಗಿದ ಕೂಡಲೇ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ವಿಂಡೋಸ್ ತಾನಾಗಿ ದುರಸ್ತಿ ತೆರೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ಹಾದಿ ಹಿಡಿದು ರೀಸ್ಟಾರ್ಟ್ ಒತ್ತಿ, ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್. ಈ ಸ್ಥಿತಿಯಲ್ಲಿ ವಿಂಡೋಸ್ ತನಗೆ ಅತ್ಯಗತ್ಯವಾದ ಡ್ರೈವರ್‌ಗಳನ್ನು ಮಾತ್ರ ಎಬ್ಬಿಸುತ್ತದೆ. ಕೆಲವೊಮ್ಮೆ ಇಲ್ಲಿ ನಾಲ್ಕಂಕಿಯ ಪಿನ್ ನಡೆಯದೆ ಪೂರ್ತಿ ಪಾಸ್‌ವರ್ಡ್ ಕೇಳುತ್ತದೆ.

ನಡುವೆ ನೀಲಿ ಬಣ್ಣದ ಇನ್ನೊಂದು ತೆರೆ ಬಂದು ಬಿಟ್‌ಲಾಕರ್ ರಿಕವರಿ ಕೀ ಕೇಳಿದರೆ ಗಾಬರಿಯಾಗಬೇಡಿ. ಅದು 48 ಅಂಕಿಗಳ ಬೀಗದ ಕೈ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿ ಬೀಗ ಹಾಕಿಕೊಂಡಿರುತ್ತದೆ, ಕೀಲಿ ನೀವು ಲ್ಯಾಪ್‌ಟಾಪಿಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಫೋನಿನಿಂದ ಆ ಖಾತೆಗೆ ಹೋಗಿ ನೋಡಬಹುದು. ಆ ಖಾತೆಯನ್ನು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ತನ್ನ ಇಮೇಲ್‌ನಿಂದ ತೆರೆದುಕೊಟ್ಟಿದ್ದರೆ, ಕೀಲಿಯೂ ಅವನ ಬಳಿಯೇ. ಯಂತ್ರ ಸರಿಯಿರುವಾಗಲೇ ಇದನ್ನು ಪರೀಕ್ಷಿಸಿ, ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಸೇಫ್ ಮೋಡ್‌ನಲ್ಲಿ ಎದ್ದಿತೆಂದರೆ ತಪ್ಪು ಹಾರ್ಡ್‌ವೇರ್‌ನದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಮೊದಲು ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಆಮೇಲೆ ಸಿಸ್ಟಂ ರಿಸ್ಟೋರ್ ಪ್ರಯತ್ನಿಸಿ. ಹಿಂದಿನ ದಿನದ ಗುರುತು ಇದ್ದರೆ ಅದು ತಂತ್ರಾಂಶ, ಡ್ರೈವರ್‌ಗಳನ್ನು ಹಿಂದಕ್ಕೊಯ್ಯುತ್ತದೆ, ನಿಮ್ಮ ಪತ್ರ, ಫೋಟೋಗಳನ್ನು ಮುಟ್ಟುವುದಿಲ್ಲ. ಅದು ಇಲ್ಲದಿದ್ದರೆ ಆ್ಯಂಟಿವೈರಸ್ಸನ್ನೇ ತೆಗೆಯಬೇಕು.

ತೆಗೆದು ಮತ್ತೆ ಹಾಕುವ ಕ್ರಮ

ಲೈಸೆನ್ಸ್ ಕೀ ಎಲ್ಲಿದೆ ಎಂದು ಮೊದಲು ಹುಡುಕಿಟ್ಟುಕೊಳ್ಳಿ. ಅಂಗಡಿಯ ಬಿಲ್ಲಿನಲ್ಲಿ, ಡಬ್ಬಿಯೊಳಗಿನ ಚೀಟಿಯಲ್ಲಿ ಅಥವಾ ಇಮೇಲ್‌ನಲ್ಲಿರುತ್ತದೆ. ಕಂಪನಿಯ ಸ್ವಂತ ತಾಣದಿಂದ ಹೊಸ ಇನ್‌ಸ್ಟಾಲರ್ ಮತ್ತು ಆ ಕಂಪನಿಯದೇ ರಿಮೂವಲ್ ಟೂಲ್ ಇಳಿಸಿಕೊಳ್ಳಿ. ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ರಿಮೂವಲ್ ಟೂಲ್ ಓಡಿಸಿ, ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್‌ನ ಇನ್‌ಸ್ಟಾಲರ್ ಸೇವೆ ಸಾಮಾನ್ಯವಾಗಿ ಕೆಲಸ ಮಾಡದ ಕಾರಣ ಅನ್‌ಇನ್‌ಸ್ಟಾಲ್ ಅಲ್ಲಿ ವಿಫಲವಾಗಬಹುದು. ರಿಮೂವಲ್ ಟೂಲ್ ಅಂಥ ಹೊತ್ತಿಗೇ ಇರುವುದು.

ಇಷ್ಟಾದ ಮೇಲೆ ಹೊಸದನ್ನು ಹಾಕುವ ಅವಸರ ಬೇಡ. ಡಿಫೆಂಡರ್ ತಾನಾಗಿ ಎದ್ದಿದೆಯೇ ಎಂದು ವಿಂಡೋಸ್ ಸೆಕ್ಯುರಿಟಿಯಲ್ಲಿ ನೋಡಿಕೊಂಡು, ಅರ್ಧ ದಿನ ಅದರ ಭರವಸೆಯಲ್ಲೇ ಕೆಲಸ ಮಾಡಿ. ತೊಂದರೆ ಹೋಗಿದ್ದರೆ ಕಾರಣ ಆ್ಯಂಟಿವೈರಸ್ಸೇ ಎಂದು ಖಚಿತ. ಆಗ ಹೊಸ ಆವೃತ್ತಿ ಹಾಕಿ. ಹಾಗೆ ನೋಡಿದರೆ ಒಂದು ಯಂತ್ರದ ಸಣ್ಣ ಅಂಗಡಿಗೆ ಡಿಫೆಂಡರ್ ಒಂದೇ ಸಾಲದೇ ಎಂದು ಕೇಳುವವರಿಗೆ, ವಿಂಡೋಸ್ ಅಪ್‌ಡೇಟ್ ನಿಲ್ಲಿಸದೆ, ಬ್ಯಾಕಪ್ ತಪ್ಪಿಸದೆ ಇರುವವರಾದರೆ ಸಾಕು ಎಂದೇ ನನ್ನ ಉತ್ತರ. ತೊಂದರೆ ತೆಗೆದ ಮೇಲೂ ಹೋಗದಿದ್ದರೆ ವಿಂಡೋಸ್ ಕಡತಗಳೇ ಹಾಳಾಗಿರಬಹುದು. ಆಗ ಸಿಸ್ಟಂ ಫೈಲ್ ಚೆಕರ್ ಓಡಿಸಬಲ್ಲ ತಂತ್ರಜ್ಞರನ್ನು ಕರೆಯಿರಿ.

ವಿಂಡೋಸ್ 7 ಇನ್ನೂ ಬಳಸುತ್ತಿರುವ ಅಂಗಡಿಗಳು ನಮ್ಮ ಕಡೆ ಕಡಿಮೆಯಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ರಂದೇ ನಿಂತಿದೆ. ಹೊಸ ಡ್ರೈವರ್‌ಗಳ ಸಹಿಯನ್ನು ಗುರುತಿಸಲು ಅದಕ್ಕೆ 2019ರ ಕೆಬಿ4474419 ಎಂಬ ಅಪ್‌ಡೇಟ್ ಬೇಕು. ಅದಿಲ್ಲದ ಯಂತ್ರದಲ್ಲಿ ಹೊಸ ಆ್ಯಂಟಿವೈರಸ್ ಎದ್ದೇಳುವುದೇ ಇಲ್ಲ. ವಿಂಡೋಸ್ 10ರ ಉಚಿತ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕೊರತೆಯನ್ನು ಯಾವ ಆ್ಯಂಟಿವೈರಸ್ಸೂ ತುಂಬಲಾರದು.

ಮತ್ತೆ ಹೀಗಾಗದಂತೆ, ಮತ್ತು ಸಹಾಯ ಕೇಳುವಾಗ

ದಿನನಿತ್ಯದ ಚಹರೆಪಟ್ಟಿಯನ್ನು ನಿಲ್ಲಿಸಬೇಡಿ. ಆದರೆ ಹೊಸ ಆವೃತ್ತಿಗೆ ಬರಲೇ ಎಂದು ತಂತ್ರಾಂಶ ಕೇಳಿದಾಗ ಜಿಎಸ್‌ಟಿಯ ಕೊನೆಯ ದಿನ ಅಥವಾ ಕೊಬ್ಬರಿ ಹರಾಜಿನ ಬೆಳಗ್ಗೆ ಹೂಂ ಎನ್ನಬೇಡಿ. ಭಾನುವಾರ ಮಧ್ಯಾಹ್ನ ಬ್ಯಾಕಪ್ ತೆಗೆದು, ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟು ಆಮೇಲೆ ಒಪ್ಪಿಗೆ ಕೊಡಿ. ಎರಡು ಮೂರು ಯಂತ್ರಗಳಿದ್ದರೆ ಕಡಿಮೆ ಮುಖ್ಯವಾದ ಯಂತ್ರಕ್ಕೆ ಮೊದಲು ಹಾಕಿ, ಎರಡು ದಿನ ನೋಡಿ. ಸಿಸ್ಟಂ ಪ್ರೊಟೆಕ್ಷನ್ ಎಷ್ಟೋ ಯಂತ್ರಗಳಲ್ಲಿ ಆರಿಯೇ ಇರುತ್ತದೆ, ಅದನ್ನು ಹೊತ್ತಿಸದೆ ರಿಸ್ಟೋರ್ ಪಾಯಿಂಟ್ ಆಗುವುದಿಲ್ಲ.

ತೊಂದರೆಯಲ್ಲಿರುವಾಗ ಕಂಪನಿಯ ಕಸ್ಟಮರ್ ಕೇರ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡುವುದು ಅಪಾಯ. ವಂಚಕರು ಅಲ್ಲಿಯೇ ಬಲೆ ಹಾಸಿರುತ್ತಾರೆ. ಸಂಖ್ಯೆಯನ್ನು ಡಬ್ಬಿಯಿಂದ ಅಥವಾ ತಂತ್ರಾಂಶದ ಸಹಾಯ ಪುಟದಿಂದಲೇ ತೆಗೆದುಕೊಳ್ಳಿ. ಬ್ರೌಸರ್‌ನಲ್ಲಿ ಸೈರನ್ ಕೂಗುತ್ತಾ, ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ ಎನ್ನುವ ಪುಟ ಯಾವ ಆ್ಯಂಟಿವೈರಸ್‌ನದೂ ಅಲ್ಲ. ಯಾರಾದರೂ ನಿಮ್ಮ ಯಂತ್ರವನ್ನು ದೂರದಿಂದಲೇ ನಡೆಸಬಲ್ಲ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿ ಬ್ಯಾಂಕಿನ ಪುಟ ತೆರೆಯಲು ಹೇಳಿದರೆ ಇಂಟರ್‌ನೆಟ್ ಕಿತ್ತುಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊರಿನ ತಂತ್ರಜ್ಞರನ್ನು ಕರೆಸುವುದಾದರೂ, ಫೋನಿನಲ್ಲೇ ಅವರಿಗೆ ನಾಲ್ಕು ಸಂಗತಿ ಹೇಳಿ: ಆ್ಯಂಟಿವೈರಸ್‌ನ ಹೆಸರು ಮತ್ತು ಆವೃತ್ತಿ, ಅದು ಕೊನೆಗೆ ಅಪ್‌ಡೇಟ್ ಆದ ದಿನ ಮತ್ತು ಹೊತ್ತು, ಬಂದ ಸಂದೇಶದ ಫೋಟೋ, ಇದುವರೆಗೆ ನೀವು ಮಾಡಿ ನೋಡಿದ್ದು. ಅವರು ಇದಾವುದನ್ನೂ ಕೇಳಿಸಿಕೊಳ್ಳದೆ ಫಾರ್ಮ್ಯಾಟ್ ಎಂದರೆ, ಸಿ ಡ್ರೈವಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಟ್ಯಾಲಿ ಡೇಟಾ ಮೂರನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸಿದ ಮೇಲೆಯೇ ಯಂತ್ರ ಮುಟ್ಟಲು ಬಿಡಿ.